ಕೈಗವಸು

ಮನೆಯ ಹುಡುಗರು ಮೋಟಾರು ಸೈಕಲ್ಲೇರಿ ಮನಾಲಿಯಿಂದ ಲಡಾಖಿನ ಲೇಹ್ ನಗರಕ್ಕೆ ಹೊರಟರೆಂದರೆ, ಬುತ್ತಿ, ಔಷಧ, ಕಂಬಳಿಗಳ ವಿಷಯದಲ್ಲಿ ಮನೆಮಂದಿಯೆಲ್ಲ ಆಲೋಚಿಸುತ್ತಾರೆ. ಕೈಗವಸನ್ನು ಮಾತ್ರ ಅಂಗಡಿಯವನ ವಿವೇಕಕ್ಕೆ ಬಿಟ್ಟುಬಿಡುತ್ತಾರೆ. ಆತನೋ ಎಲ್ಲಕ್ಕಿಂತ ದಪ್ಪನೆಯದನ್ನೇ ಮುಂದಿಡುತ್ತಾನೆ. ದಪ್ಪವಾದುದೇ ಉತ್ತಮವೆಂಬ ಈ ನಂಬಿಕೆಯನ್ನು ನಾವು ಒಪ್ಪಲಾರೆವು.

ಆ ದಾರಿಯ ತಂಗ್ಲಂಗ್ ಲಾ ಘಟ್ಟದ ನೆತ್ತಿಯು ಸಮುದ್ರಮಟ್ಟದಿಂದ 5,300 ಮೀಟರಿಗೂ ಮೇಲಿದೆ. ಅಲ್ಲಿ ಬೇಸಗೆಯ ಬೆಳಗೂ ಕೊರೆಯುವುದುಂಟು. 5 ಡಿಗ್ರಿ ಸೆಂಟಿಗ್ರೇಡಿನ ಚಳಿಯು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವವನ ಚರ್ಮಕ್ಕೆ ಸೊನ್ನೆಗಿಂತ ಕೆಳಗಿನದಾಗಿ ತೋರುತ್ತದೆ. ಆಗ ದೇಹವು ಒಡಲಿನ ಕಾವನ್ನು ಕಾಯ್ದುಕೊಳ್ಳಲು ಬೆರಳುಗಳ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬೆರಳು ಮರಗಟ್ಟಿದರೆ ಬ್ರೇಕನ್ನು ಎಷ್ಟು ಅಮುಕಿದೆವೆಂಬುದೇ ತಿಳಿಯದು. ಆ ಇಳಿಜಾರಿನಲ್ಲಿ ನಮ್ಮ ಬೆರಳು ನಮ್ಮದೆಂಬ ಅರಿವು ತಪ್ಪಿದುದನ್ನು ನಾವೇ ಅನುಭವಿಸಿದ್ದೇವೆ. ತಿರುವಿನಲ್ಲಿ ಪ್ರಾಣವಿರುವುದು ಆ ಅರಿವಿನಲ್ಲಿಯೇ.

ಆದುದರಿಂದ ಗವಸು ಗಾಳಿಯನ್ನೂ ನೀರನ್ನೂ ತಡೆಯಬೇಕು. ಮಣಿಕಟ್ಟನ್ನು ದಾಟಿ ಕೋಟಿನ ತೋಳಂಚನ್ನು ಮುಚ್ಚಬೇಕು. ಬಿಗಿಯಾದರೆ ನೆತ್ತರು ಸರಾಗವಾಗಿ ಹರಿಯದು, ಕಾವನ್ನು ಹಿಡಿದಿಡುವ ಒಳಗಾಳಿಗೆ ಎಡೆಯಿರದು. ಸಡಿಲವಾದರೆ ಹಿಡಿತ ಜಾರುವುದು. ಮನೆಯಲ್ಲಿ ಹೆಣೆದ ಉಣ್ಣೆಯ ಗವಸಿನೊಳಕ್ಕೆ ಗಾಳಿ ನುಗ್ಗುವುದು ನಿಜ. ಆದರೂ ತೆಳ್ಳಗಿದ್ದರೆ ಅದು ಒಳಗವಸಾಗಿ ಸಾರ್ಥಕವಾದೀತು. ಕೊಳ್ಳುವ ಮುನ್ನ ಎರಡನ್ನೂ ತೊಟ್ಟು, ಹೊರಗೆ ನಿಂತ ಗಾಡಿಯ ಬ್ರೇಕನ್ನು ಎರಡು ಬೆರಳಿನಿಂದ ಮೆಲ್ಲನೆ ಎಳೆದು ನೋಡತಕ್ಕದ್ದು. ಅದರ ಬಿಗಿ ಬೆರಳಿಗೆ ತಿಳಿದರೆ ಹಣ ಕೊಡಬಹುದು.

ಮನೆಗೆ ಹಿಂದಿರುಗಬೇಕಾದವನ ಕೈ ಬೆಚ್ಚಗಿದ್ದರೆ ಸಾಲದು, ಎಚ್ಚರವಾಗಿಯೂ ಇರಬೇಕು.