ಮೂಡಬಿದಿರೆಯ ಓಲೆಗರಿಗಳು

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರು ದೂರದಲ್ಲಿ, ತೆಂಗು ಕಂಗುಗಳ ತಂಪಿನ ನಡುವೆ, ಮೂಡಬಿದಿರೆಯು ಇರುವುದು. ಜೈನಕಾಶಿಯೆಂದು ಹೆಸರಾದ ಈ ಊರಿಗೆ ಬಂದವರು ಮೊದಲು ನೋಡುವುದು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು. ನಾವೂ ಅದನ್ನು ಕಂಡು ಕಣ್ತಣಿದೆವು. ಬಳಿಕ, ಬಹುದಿನಗಳಿಂದ ಮನಸ್ಸಿನಲ್ಲಿದ್ದ ಓಲೆಗರಿಗಳನ್ನು ಅರಸಿ ಹೊರಟೆವು.

ದಿಗಂಬರ ಜೈನರ ಪ್ರಾಚೀನ ಆಗಮವಾದ ಷಟ್ಖಂಡಾಗಮವನ್ನು ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳು ರಚಿಸಿದರು. ಅದಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಮಾಣವು 72,000 ಗ್ರಂಥವೆಂದು ಲೆಕ್ಕ. ಇದರ ಹಳೆಯ ಪ್ರತಿಗಳು ಮೂಡಬಿದಿರೆಯೊಂದರಲ್ಲಿಯೇ ಉಳಿದುಬಂದುವು. ಮೂಲದ ಭಾಷೆಯು ಪ್ರಾಕೃತ. ಶ್ರೀತಾಳೆಯ ಓಲೆಯ ಮೇಲಿನ ಅಕ್ಷರವು ಮಾತ್ರ ಹಳಗನ್ನಡದ್ದು. ದೂರದೇಶಗಳಿಂದ ಬಂದ ಯಾತ್ರಿಕರು ಅದರ ದರ್ಶನ ಪಡೆದು, ಕೈಮುಗಿದು, ಕಾಣಿಕೆಯಿತ್ತು ಹೋಗುತ್ತಿದ್ದರು. ಓದುವವರು ಬಹುಕಾಲ ಇರಲಿಲ್ಲ.

ಓಲೆಗಳ ಆರೈಕೆಯಲ್ಲಿದ್ದ ವೃದ್ಧರೊಬ್ಬರು ನಮಗೆ ಒಂದು ಕಟ್ಟನ್ನು ಬಿಚ್ಚಿ ತೋರಿಸಿದರು. ಬಟ್ಟೆ, ಮರದ ಹಲಗೆ, ತೂತಿನಲ್ಲಿ ಪೋಣಿಸಿದ ದಾರ, ಒಂದೊಂದನ್ನೂ ಅವರು ಕೂಸಿನ ಬಟ್ಟೆ ಬಿಚ್ಚುವಂತೆ ಬಿಚ್ಚಿದರು. ಮೃದುವಾದ ಕುಂಚದಿಂದ ಧೂಳು ತೆಗೆಯುವುದು, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವುದು, ಕಂಠದಿಂದ ಕೊರೆದ ಅಕ್ಷರ ಮಾಸಿದ್ದರೆ ದೀಪದ ಮಸಿಯನ್ನು ತಿಕ್ಕಿ ಒರಸುವುದು, ಇವೇ ಅವರ ನಿತ್ಯಕರ್ಮಗಳು. "ಮೆಲ್ಲಗೆ ಹಿಡಿಯಿರಿ ಸ್ವಾಮಿ, ಹಪ್ಪಳದಂತೆ ಮುರಿದೀತು. ಹುಳುವಿಗೆ ಎಲ್ಲಕ್ಕಿಂತ ಪ್ರಿಯವಾದುದು ಯಾರೂ ಬಿಚ್ಚದ ಕಟ್ಟು" ಎಂದರು. ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸಿ, ಅಂದು ಗ್ರಂಥಗಳನ್ನು ಹೊರತೆಗೆದು ಶುಚಿಮಾಡಿ ಪೂಜಿಸುವ ಹಿರಿಯರ ಪದ್ಧತಿಯ ಮರ್ಮವು ಆಗ ನಮಗೆ ತಿಳಿಯಿತು.

ಆ ಮುದುಕರ ಮಾತು ಧವಲೆಯ ಕಥೆಗೂ ಸಲ್ಲುವುದು. ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು, 1896ರ ಸುಮಾರಿಗೆ ಪ್ರತಿಮಾಡುವ ಕಾರ್ಯವು ಮೊದಲಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದಕ್ಕೆ ಕುಳಿತರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಉಪಾಧ್ಯಾಯರು ವರ್ಷಗಟ್ಟಲೆ ಬರೆದರು. ಆದರೆ ಹೊಸ ಪ್ರತಿಯೂ ಊರು ಬಿಡಕೂಡದೆಂಬುದು ಕಾಯುವವರ ನಿಯಮವಾಗಿದ್ದಿತು. ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಮನೆಯಲ್ಲಿ ಗುಟ್ಟಾಗಿ, ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರಕ್ಕೆ ಹೋಗಿ, ಅಲ್ಲಿಂದ ಬೇರೆ ಪ್ರತಿಗಳು ಹುಟ್ಟಿದುವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಧವಲೆಯು 16 ಸಂಪುಟಗಳಾಗಿ ಅಚ್ಚಾಯಿತು. ಮನೆಗೆಲಸದ ನಡುವೆ ಬರೆಯುತ್ತ ಕುಳಿತ ಆ ಗೃಹಿಣಿಯ ಹೆಸರನ್ನು ನಮ್ಮ ಸೋದರಿಯರು ನೆನಪಿನಲ್ಲಿಡಬೇಕು.

ಗುಟ್ಟಾಗಿ ಬರೆದುದು ತಪ್ಪಲ್ಲವೇ ಎಂದು ವಾಚಕರು ಕೇಳಬಹುದು. ಕೊಟ್ಟ ಮಾತಿಗೆ ಅದು ತಪ್ಪೇ ಸರಿ. ಹಾಗೆಂದು ಕಾದವರನ್ನು ಹಳಿಯುವುದೂ ನ್ಯಾಯವಲ್ಲ. ಕೈಯಿಂದ ಕೈಗೆ ಹೋದ ಪ್ರತಿಗಳಲ್ಲಿ ತಪ್ಪುಗಳು ನುಸುಳಿದ್ದುವು; ಅವನ್ನು ತಿದ್ದಲು ಮೂಡಬಿದಿರೆಯ ಮೂಲವೇ ಬೇಕಾಯಿತು. ಆಗ ಕಾಯುವವರೇ ಮುಂದೆ ಬಂದು, ಓಲೆಯೊಡನೆ ಪಾಠವನ್ನು ಹೋಲಿಸಲು ಅವಕಾಶವಿತ್ತರು. ಕಾಯದಿದ್ದರೆ ಮೂಲವಿಲ್ಲ, ಕೊಡದಿದ್ದರೆ ಫಲವಿಲ್ಲ.

ಊರಿಗೆ ಮರಳಿದ ದಿನವೇ ನಾವು ನಮ್ಮ ಅಟ್ಟವನ್ನು ಹತ್ತಿ, ಅಜ್ಜನ ಕಾಲದ ಓಲೆಯ ಕಟ್ಟೊಂದನ್ನು ಕೆಳಗಿಳಿಸಿದೆವು. ಅರ್ಧವನ್ನು ಹುಳು ತಿಂದಿದ್ದಿತು. ಪ್ರತಿವರ್ಷವೂ ಅದಕ್ಕೆ ಕುಂಕುಮವಿಡುತ್ತಿದ್ದೆವು, ಒಮ್ಮೆಯೂ ಬಿಚ್ಚಿರಲಿಲ್ಲ. ಉಳಿದರ್ಧವನ್ನು ಬಲ್ಲವರಿಂದ ಓದಿಸಿ ಪ್ರತಿಮಾಡಿಸಲು ನಿಶ್ಚಯಿಸಿದ್ದೇವೆ. ವಾಚಕರ ಮನೆಗಳಲ್ಲಿಯೂ ಅಂತಹ ಕಟ್ಟುಗಳಿದ್ದರೆ, ಇಂದೇ ಬಿಚ್ಚಿ ನೋಡಬೇಕೆಂದು ನಮ್ಮ ಬಿನ್ನಹ.