ಕಿಸೆಯೊಳಗಿನ ರೂಪಕ ತಾಳ

ನಡುಗುವುದರಲ್ಲಿ ನಮ್ಮ ಫೋನಿಗೆ ಮೇಲು-ಕೀಳೆಂಬ ಭೇದವಿಲ್ಲ. 'ಸಾಲ ಬೇಕೇನ್ರಿ' ಎಂದು ಕೇಳುವ ಹುಡುಗಿ, ಶಿರಹಟ್ಟಿಯ ಅಕ್ಕ, ಗ್ಯಾಸ್ ಬುಕ್ಕಾಯಿತೆಂದು ಹೇಳುವ ಯಂತ್ರ, ಎಲ್ಲರಿಗೂ ಅದರದು ಒಂದೇ 'ಗುರ್ರ್'. ಗಂಟೆ ಬಾರಿಸಲು ಬಿಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಹಾಡು ಹಚ್ಚಬಹುದು, ನಿಜ. ಆದರೆ ಮೀಟಿಂಗು, ಪುರಾಣ, ಮಣ್ಣಿಗೆ ಹೋಗುವುದು ಎಂದು ದಿನದ ಅರ್ಧ ಹೊತ್ತು ಅದರ ಬಾಯಿ ಕಟ್ಟಿಯೇ ಇರುತ್ತದೆ. ಹಿಂದೆ ಬೆಟಗೇರಿಯ ನಮ್ಮ ಓಣಿಯಲ್ಲಿ ಚಿಲಕ ಬಡಿದ ರೀತಿಯಲ್ಲೇ ಬಂದವರು ಯಾರೆಂದು ಒಳಗಿನವರಿಗೆ ತಿಳಿಯುತ್ತಿತ್ತು. ಹಾಲಿನವನದು ಒಂದೇ ಪೆಟ್ಟು. ಸಾಲ ಕೊಟ್ಟವನು ಬಿಡದೆ ಬಡಿಯುವವನು. ಸಾಲ ಕೇಳಲು ಬಂದವನು ಚಿಲಕವನ್ನು ಬರೀ ಮುಟ್ಟಿ ನಿಲ್ಲುವವನು. ಅಂಥ ಚಿಲಕವೊಂದನ್ನು ಕಿಸೆಯೊಳಗೂ ಕೂಡಿಸಬೇಕೆಂಬ ಹುಕಿ ನನಗೆ ಬಂತು. ಹೊಟ್ಟೆಪಾಡಿಗೆ ಪ್ರೋಗ್ರಾಂ ಬರೆಯುವವನು ನಾನು. ಹೊಟ್ಟೆಗೆ ಸಂಬಂಧವಿಲ್ಲದ ಆಪ್ ಒಂದನ್ನು ಬರೆಯಲು ಕುಳಿತೆ.

ಬರೆಯುವುದೇನೂ ಬ್ರಹ್ಮವಿದ್ಯೆಯಲ್ಲ. ಆಂಡ್ರಾಯ್ಡಿಗೆ ಅಂಕಿಗಳ ಒಂದು ಸಾಲು ಕೊಟ್ಟರಾಯಿತು. ಮೊದಲ ಅಂಕಿ ಎಷ್ಟು ಮಿಲಿಸೆಕೆಂಡು ಸುಮ್ಮನಿರಬೇಕೆಂಬುದಕ್ಕೆ, ಎರಡನೆಯದು ಎಷ್ಟು ನಡುಗಬೇಕೆಂಬುದಕ್ಕೆ, ಮತ್ತೆ ಸುಮ್ಮನೆ, ಮತ್ತೆ ನಡುಕ. 0, 200, 100, 200 ಎಂದರೆ ತಡಮಾಡದೆ ನಡುಗು, ತುಸು ನಿಲ್ಲು, ಇನ್ನೊಮ್ಮೆ ನಡುಗು. ಜೊತೆಗೆ ಇನ್ನೊಂದು ಅಂಕಿ ಇರುತ್ತದೆ: ಅದು ಸೊನ್ನೆಯಾದರೆ ಸಾಲು ಮುಗಿದೊಡನೆ ಮೊದಲಿನಿಂದ ಶುರು, -1 ಆದರೆ ಒಂದೇ ಸಲಕ್ಕೆ ಮುಗಿಯಿತು. ಇದನ್ನು ನೋಡಿದ ಗದುಗಿನವನಿಗೆ ತಾಳವಲ್ಲದೆ ಬೇರೇನು ನೆನಪಾದೀತು? ಪೆಟ್ಟು, ಬಿಡುವು, ಪೆಟ್ಟು. ಆವರ್ತನ ಮುಗಿದರೆ ಮತ್ತೆ ಸಮ. ವೀರೇಶ್ವರ ಪುಣ್ಯಾಶ್ರಮದ ಊರು ನಮ್ಮದು. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ತೀರಿಕೊಳ್ಳುವವರೆಗೂ ಪುಟ್ಟರಾಜ ಗವಾಯಿಗಳು, ತಾವೂ ಕಣ್ಣಿಲ್ಲದವರಾಗಿ, ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟ ಜಾಗ ಅದು. ತೆರೆಯ ಮೇಲಿನ ಹೆಸರು ಓದಲಾಗದವರಿಗೆ ಇಂಥ ಆಪ್ ನಿಜಕ್ಕೂ ಉಪಯೋಗದ್ದು. ನನ್ನಂಥ ಕಣ್ಣಿದ್ದವನಿಗೆ ಅದು ಶೋಕಿ.

ಬಂಧುಬಳಗಕ್ಕೆ ತಾಳ ಹಂಚುವ ಕೆಲಸ ಮಾತ್ರ ಬಹಳ ರುಚಿಯಾಗಿತ್ತು. ಅಕ್ಕನಿಗೆ ಕೆಹರವಾ. ಎಂಟು ಮಾತ್ರೆಯ, ಭಜನೆಗೆ ಒಗ್ಗುವ ತಾಳ. ಆಕೆ ಫೋನ್ ಮಾಡುವುದು ಹೆಚ್ಚಾಗಿ ಫಕೀರೇಶ್ವರ ಮಠದ ಜಾತ್ರೆಗೆ ಬರುತ್ತೀರೋ ಇಲ್ಲೋ ಎಂದು ಕೇಳುವುದಕ್ಕೆ. ಮುಂಡರಗಿಯ ಬೀಗರಿಗೆ ಝಪತಾಳ. ಎರಡು, ಮೂರು, ಎರಡು, ಮೂರು ಎಂದು ಹತ್ತು ಮಾತ್ರೆ. ಅವರ ಮಾತಿನ ನಡಿಗೆಯೂ ಹಾಗೆಯೇ, ಸರಳವಾಯಿತು ಅನ್ನುವಷ್ಟರಲ್ಲಿ ಒಂದು ಹೆಜ್ಜೆ ಹೆಚ್ಚಿಗೆ. ಹೆಂಡತಿಗೆ ತೀನತಾಳ. ಹದಿನಾರು ಮಾತ್ರೆ ಮುಗಿಯುವವರೆಗೆ ಎತ್ತದಿದ್ದರೆ ಏನಾಗುತ್ತದೆಂದು ಇಲ್ಲಿ ಬರೆಯುವಂತಿಲ್ಲ.

ತಾಳವೇನೋ ಸಿಕ್ಕಿತು, ತಬಲಾಜಿ ಸಿಗಲಿಲ್ಲ. ಅಗ್ಗದ ಫೋನಿನ ಹೊಟ್ಟೆಯಲ್ಲಿರುವುದು ಪುಟ್ಟದೊಂದು ಮೋಟರು, ಅದರ ತುದಿಗೆ ಒಂದು ಕಡೆ ವಾಲಿದ ಲೋಹದ ತುಂಡು. ಅದು ತಿರುಗಿದಾಗಿನ ಓಲಾಟವೇ ನಮಗೆ ನಡುಕ. ತಿರುಗಲು ಶುರುವಾಗುವುದಕ್ಕೂ ನಿಲ್ಲುವುದಕ್ಕೂ ಅದಕ್ಕೆ ಹೊತ್ತು ಬೇಕು. ಇಪ್ಪತ್ತು ಮಿಲಿಸೆಕೆಂಡಿನ ಬೋಲು ಕೊಟ್ಟರೆ ಅದು ಎದ್ದೇಳುವಷ್ಟರಲ್ಲಿ ಬೋಲು ಮುಗಿದಿರುತ್ತದೆ. ದ್ರುತ್ ಲಯವಂತೂ ದೂರದ ಮಾತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ನಡುಕದ ಬಲವನ್ನೂ 1ರಿಂದ 255ರವರೆಗೆ ಹೇಳಬಹುದು. 'ಧಾ'ಕ್ಕೆ 255, 'ತೀ'ಗೆ 90 ಎಂದು ನಾನೂ ಬರೆದೆ. ಅದನ್ನು ಪಾಲಿಸುವ ಮೋಟರು ಎಲ್ಲ ಫೋನಿನಲ್ಲೂ ಇರುವುದಿಲ್ಲ. ನನ್ನದರಲ್ಲಿ ಪಿಸುಮಾತಿಗೂ ಕೂಗಿಗೂ ಒಂದೇ ಬಲ.

ಇನ್ನೊಂದು ಫಜೀತಿ ಬೆಟಗೇರಿಯದೇ. ಪವರ್‌ಲೂಮ್ ಇಟ್ಟುಕೊಂಡ ಗೆಳೆಯನ ಫೋನಿಗೂ ಆಪ್ ಹಾಕಿಕೊಟ್ಟೆ. ಮಗ್ಗಗಳ ನಡುವೆ ಅವನಿಗೆ ಗಂಟೆ ಕೇಳಿಸುವುದಿಲ್ಲ ಸರಿ, ನಡುಕವಾದರೂ ತಿಳಿಯಲಿ ಎಂದು. 'ಲೇ, ಇಲ್ಲಿ ನೆಲಾನs ನಡಗತೈತಿ, ಕಟ್ಟಿ ನಡಗತೈತಿ, ನನ್ನ ಹಲ್ಲ ನಡಗತಾವ. ಇದರಾಗ ನಿನ್ನ ಫೋನು ಯಾವುದಂತ ಹುಡಕಲಿ?' ಎಂದ. ಒಂದು ಮಧ್ಯಾಹ್ನ ಅವನ ಶೆಡ್ಡಿನಲ್ಲಿ ಕೂತು ನೋಡಿದೆ. ಲಾಳಿ ಅತ್ತಿಂದಿತ್ತ ಓಡುತ್ತದೆ, ಹಣಿಗೆ ಹೊಡೆಯುತ್ತದೆ, ಮತ್ತೆ ಲಾಳಿ. ಸಮ ಮಾತ್ರೆಯ ಯಾವ ತಾಳ ಕೊಟ್ಟರೂ ಮಗ್ಗ ಅದನ್ನು ನುಂಗಿಬಿಡುತ್ತದೆ. ಮಗ್ಗಕ್ಕೆ ಸೇರದ ಪೆಟ್ಟು ಬೇಕಿತ್ತು. ಉದ್ದನೆಯದೊಂದು ನಡುಕ, ಬೇಕೆಂದೇ ಲಯ ಕೆಡಿಸಿದ ಬಿಡುವು, ಚೋಟುದ್ದದ ಇನ್ನೊಂದು ನಡುಕ. ಅದು ಗೊತ್ತಾಯಿತು. ಗದಗದಲ್ಲಿ ಬೇತಾಳವನ್ನು ಉದ್ದೇಶಪೂರ್ವಕವಾಗಿ ರಚಿಸಿ ಶಾಭಾಸ್ ಅನ್ನಿಸಿಕೊಂಡವನು ನಾನೊಬ್ಬನೇ ಇರಬೇಕು.

ಇಷ್ಟೆಲ್ಲ ಆದಮೇಲೆ ಅಕ್ಕನ ಮಗ ತನ್ನ ಐಫೋನ್ ತೆಗೆದು, ತೆರೆಯ ಮೇಲೆ ಬೆರಳಿನಿಂದ ಟಪಟಪ ಬಡಿದು, 'ಮಾಮಾ, ಇದರಾಗ ಒಬ್ಬೊಬ್ಬರಿಗೂ ಒಂದೊಂದು ಬಡದು ಇಡಬಹುದು, 2011ರಿಂದs ಐತಿ' ಎಂದ. ಈಗಿನ ಮಕ್ಕಳಿಗೆ ಹಿರಿಯರ ಶ್ರಮದ ಮೇಲೆ ಗೌರವವಿಲ್ಲ.

ಅವನು ಕಾಣದ ಒಂದು ಕಾಲವೂ ಇತ್ತಲ್ಲ. 2003ರ ಮೇ ತಿಂಗಳಲ್ಲಿ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು, ಕೈಕೈಗೆ ಮೊಬೈಲ್ ಬಂತು, ಆದರೆ ಕರೆ ಮಾಡಲು ಕರೆನ್ಸಿ ಯಾರ ಬಳಿಯೂ ಇರುತ್ತಿರಲಿಲ್ಲ. ಆಗ ನಾಡಿಗೆ ನಾಡೇ ಮಿಸ್ ಕಾಲ್‌ನಲ್ಲಿ ಮಾತಾಡಿತು. ಒಂದು ರಿಂಗು ಎಂದರೆ ಬಸ್ಸು ಮುಟ್ಟಿತು. ಎರಡು ಎಂದರೆ ನೀನೇ ಮಾಡು. ಪ್ರೋಗ್ರಾಮಿಲ್ಲ, ಮೋಟರಿನ ಚಿಂತೆಯಿಲ್ಲ. ಕಂಪನಿಗೆ ಒಂದು ಪೈಸೆಯನ್ನೂ ಕೊಡದೆ ಲಕ್ಷ್ಮೇಶ್ವರದಿಂದ ಅಪ್ಪ ತಾವು ಸುಖವಾಗಿ ಮನೆ ಸೇರಿದ್ದನ್ನು ತಿಳಿಸುತ್ತಿದ್ದರು. ನನ್ನ ಆಪ್ ಅದರ ಮುಂದೆ ದುಬಾರಿ ಆಟಿಕೆ.

ಅಪ್ಪನಿಗೆ ನಾನು ಕೊಟ್ಟದ್ದು ರೂಪಕ. ಏಳು ಮಾತ್ರೆಯ ತಾಳ, ಅದರ ಸಮವೇ ಖಾಲಿ. ಉಳಿದ ತಾಳಗಳು ಘುಮ್ಮೆಂದು ಶುರುವಾಗುವ ಕಡೆ ಇದು ಎಡಗೈಯ ಗುಮುಕಿಲ್ಲದೆ ಕಾಲಿಡುತ್ತದೆ. ಅಂಕಿಸಾಲಿನ ಮೊದಲ ಜಾಗವೂ ಹೇಗೂ ಸುಮ್ಮನಿರುವುದಕ್ಕೇ ಮೀಸಲು. ತಾವೇ ಫೋನ್ ಮಾಡಿದರೂ ಅಪ್ಪ ಮೊದಲ ಗಳಿಗೆ ಮಾತಾಡುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಆಮೇಲೆ, 'ಏನಪಾ'. ಸೋಮೇಶ್ವರ ಗುಡಿಯ ಭಜನೆಯಲ್ಲಿ ತಬಲಾ ಹಿಡಿಯುತ್ತಿದ್ದವರಿಗೆ ತಮ್ಮ ತಾಳ ಯಾವುದೆಂದು ಹೇಳಿದಾಗ, 'ರೂಪಕ ಆತು ಬಿಡು, ಧಮಾರ ಹಾಕಲಿಲ್ಲ ಪುಣ್ಯ' ಎಂದಿದ್ದರು.

ಈಗ ಆ ನಂಬರು ಅವ್ವನ ಕೈಯಲ್ಲಿದೆ. ಹೆಸರು ಬದಲಿಸಲೇನು ಎಂದು ಕೇಳಿದ್ದಕ್ಕೆ 'ಇರಲಿ ಬಿಡು, ನಂಬರ್ ಅವರದs ಅಲ್ಲ?' ಅಂದಳು. ಹಾಗಾಗಿ ಕಿಸೆಯಲ್ಲಿ ಈಗಲೂ ರೂಪಕ ಶುರುವಾಗುತ್ತದೆ, ಕೈ ತಾನಾಗಿ ಖಾಲಿಗೆ ಕಾಯುತ್ತದೆ, ಎತ್ತಿದೊಡನೆ ಅವ್ವ: ಉಂಡ್ಯೇನು, ಮಳಿ ಬಂತೇನು, ಗದಗಿನಾಗ ಹೆಸರು ಎಷ್ಟಕ್ಕ ಹೊಂಟೈತಿ, ಮೊನ್ನೆ ಯಾಕ ಫೋನ್ ಎತ್ತಲಿಲ್ಲ. ತಾಳ ಅಪ್ಪನದು, ಬಂದೀಶು ಅವ್ವನದು. ಖಾಲಿಗೆ ಅಲ್ಲಿ ಎಡೆಯೇ ಇಲ್ಲ. ಅವಳದೇ ಒಂದು ತಾಳ ಬರೆದು ಇಟ್ಟಿದ್ದೇನೆ, ಹಚ್ಚಿಲ್ಲ.

ಇನ್ನು ಮುಂಡರಗಿಯ ಬೀಗರಲ್ಲಿ ಒಂದು ವಿನಂತಿ. ಹಳೆಯ ರೂಢಿಯಂತೆ ನೀವು ಇವತ್ತಿಗೂ ಅರ್ಧ ರಿಂಗಿಗೇ ಕಟ್ ಮಾಡುತ್ತೀರಿ. ನಿಮ್ಮ ಝಪತಾಳದ ಒಂದು ಆವರ್ತನಕ್ಕೆ ನನ್ನ ಫೋನು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಕರೆನ್ಸಿಯ ಚಿಂತೆ ಈಗಿಲ್ಲ. ದಯವಿಟ್ಟು ಅಷ್ಟು ಹೊತ್ತು ಬಾರಿಸಲು ಬಿಡಿರಿ.