ಶಿಕಾಗೋ ನಗರಕ್ಕೆ ಹೊರಟ ಹಿರಿಯರಿಗೆ ಕೆಲವು ಮಾತು

ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಇಂದು ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವುದುಂಟು. ಬಾಣಂತನಕ್ಕೆಂದೋ, ಮೊಮ್ಮಕ್ಕಳ ಮುಖ ನೋಡುವ ಹಂಬಲದಿಂದಲೋ ತಂದೆತಾಯಿಗಳು ಆ ದೂರದ ನಾಡಿಗೆ ಪ್ರಯಾಣ ಬೆಳೆಸುತ್ತಾರೆ. ಹೋಗುವಾಗ ಇದ್ದ ಉತ್ಸಾಹ ತಿಂಗಳೊಪ್ಪತ್ತಿನಲ್ಲಿ ಕುಂದಿ, ‘ಯಾವಾಗ ಊರಿಗೆ ಮರಳುವೆವೋ’ ಎಂದು ದಿನ ಎಣಿಸುವ ಹಿರಿಯರನ್ನು ನಾವು ಬಹಳ ಕಂಡಿದ್ದೇವೆ. ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಮೌನ. ಹೊರಗೆ ಕಾಲಿಡಲು ಭಯ. ಈ ಭಯಕ್ಕೆ ಕಾರಣ ಭಾಷೆಯಲ್ಲ; ಆ ಊರಿನ ರೀತಿನೀತಿಗಳ ಪರಿಚಯವಿಲ್ಲದಿರುವುದೇ ಕಾರಣ. ನಾವು ದಂಪತಿಗಳು ಮಗಳ ಮನೆಗೆಂದು ಎರಡು ಬಾರಿ ಶಿಕಾಗೋ ನಗರಕ್ಕೆ ಹೋಗಿ ಬಂದವರು. ಅಲ್ಲಿ ಕಂಡು ತಿಳಿದದ್ದನ್ನು ಹೊರಡಲಿರುವ ಬಂಧುಗಳಿಗಾಗಿ ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಗಂಟುಮೂಟೆಯ ವಿಚಾರ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಒಯ್ಯದೆ ನಮ್ಮ ತಾಯಂದಿರ ಮನಸ್ಸು ಕೇಳುವುದಿಲ್ಲ. ಅವುಗಳನ್ನು ಗಾಳಿಯಾಡದಂತೆ ಕಟ್ಟಿ, ಮೇಲೆ ಹೆಸರು ಬರೆದು ಒಯ್ಯಬಹುದು. ಆದರೆ ಹಸಿ ಕರಿಬೇವು, ಹಣ್ಣು, ತರಕಾರಿ, ಬಿತ್ತನೆಯ ಬೀಜ ಇವುಗಳಿಗೆ ಆಸೆಪಡಬಾರದು. ಒಯ್ದ ತಿನಿಸನ್ನೆಲ್ಲ ಸುಂಕದ ಅಧಿಕಾರಿಗಳಿಗೆ ಮುಚ್ಚಿಡದೆ ಹೇಳಬೇಕು. ಹೇಳಿದ ಮೇಲೆ ಯಾವುದಾದರೊಂದನ್ನು ಅವರು ತೆಗೆದಿರಿಸಿಕೊಂಡಾರು, ದಂಡ ಹಾಕುವುದಿಲ್ಲ. ಬಚ್ಚಿಟ್ಟದ್ದು ಸಿಕ್ಕರೆ ದಂಡ ತಪ್ಪದು. ವಿಭೂತಿಯ ಪುಡಿಯನ್ನು ಹೆಚ್ಚು ಒಯ್ಯುವವರು ಅದನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿಡುವುದು ಲೇಸು. ಕೈಚೀಲದಲ್ಲಿ ಪುಡಿಯ ಪದಾರ್ಥ ಹೆಚ್ಚಾಗಿದ್ದರೆ ತಪಾಸಣೆಗೆ ನಿಲ್ಲಬೇಕಾಗುತ್ತದೆ.

ಔಷಧಗಳ ವಿಷಯದಲ್ಲಿ ಎರಡು ಮಾತು ಅಗತ್ಯ. ವೈದ್ಯರ ಚೀಟಿಯಲ್ಲಿ ಮಾತ್ರೆಯ ಮಾರಾಟದ ಹೆಸರಲ್ಲದೆ ಮೂಲ ಔಷಧದ ಹೆಸರನ್ನೂ ಬರೆಸಿಕೊಳ್ಳಬೇಕು. ನಮ್ಮಲ್ಲಿಯ ಹೆಸರುಗಳು ಅಲ್ಲಿ ನಡೆಯುವುದಿಲ್ಲ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಾಮಿನೋಫೆನ್ ಆಗಿರುತ್ತದೆ. ಎರಡನೆಯದು ಆರೋಗ್ಯ ವಿಮೆ. ವಿಮೆಯಿಲ್ಲದೆ ಅಲ್ಲಿ ಆಸ್ಪತ್ರೆಗೆ ಸೇರುವ ಪ್ರಸಂಗ ಬಂದರೆ ಮಕ್ಕಳು ವರ್ಷಗಟ್ಟಲೆ ಉಳಿಸಿದ ಹಣ ಕರಗಿಹೋಗಬಹುದು. ‘ನಮಗೇನಾಗುತ್ತದೆ, ಗಟ್ಟಿಯಾಗಿದ್ದೇವೆ’ ಎಂಬ ಮಾತು ಇಲ್ಲಿ ಸಲ್ಲದು. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಅನೇಕ ವಿಮೆಗಳು ಹಣ ಕೊಡುವುದಿಲ್ಲವಾದ್ದರಿಂದ ಕರಾರನ್ನು ಪೂರ್ಣವಾಗಿ ಓದಿಯೇ ಕೊಳ್ಳಬೇಕು.

ಓಹೇರ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ‘ಏಕೆ ಬಂದಿರಿ, ಎಷ್ಟು ದಿನ ಇರುವಿರಿ’ ಎಂದು ಕೇಳುತ್ತಾರೆ. ಕೇಳಿದಷ್ಟಕ್ಕೆ ಚುಟುಕಾಗಿ, ಸತ್ಯವಾಗಿ ಉತ್ತರಿಸಿದರೆ ಸಾಕು. ವೀಸಾ ಹತ್ತು ವರ್ಷದ್ದೆಂದ ಮಾತ್ರಕ್ಕೆ ಹತ್ತು ವರ್ಷ ಇರಬಹುದೆಂದಲ್ಲ. ಪ್ರತಿ ಬಾರಿ ಎಷ್ಟು ದಿನ ಇರಬಹುದೆಂಬುದು ಆ ಅಧಿಕಾರಿ ಬರೆದ ದಿನಾಂಕದಿಂದ ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ಅದು ಆರು ತಿಂಗಳು. ಆ ದಿನಾಂಕವನ್ನು ಮನೆ ತಲುಪಿದೊಡನೆ ಮಕ್ಕಳಿಂದ ನೋಡಿಸಿ ಬರೆದಿಟ್ಟುಕೊಳ್ಳಬೇಕು. ಮೀರಿದರೆ ಮುಂದಿನ ಪ್ರಯಾಣಕ್ಕೆ ಕುತ್ತು.

ಮನೆಯೊಳಗಿನ ರೀತಿಯೂ ಬೇರೆ. ಸ್ನಾನದ ಕೋಣೆಯ ನೆಲದಲ್ಲಿ ನೀರು ಹರಿದುಹೋಗುವ ಕಿಂಡಿ ಇರುವುದಿಲ್ಲ. ತೊಟ್ಟಿಯೊಳಗೆ ನಿಂತು, ಪರದೆಯ ಅಂಚನ್ನು ಒಳಕ್ಕೆ ಬಿಟ್ಟುಕೊಂಡು ಸ್ನಾನ ಮಾಡಬೇಕು. ಇಲ್ಲವಾದರೆ ನೀರು ಕೆಳಗಿನ ಮನೆಯವರ ಚಾವಣಿಗೆ ಇಳಿಯುತ್ತದೆ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವಾಗ ಹೊಗೆ ಸೆಳೆಯುವ ಪಂಖವನ್ನು ಮೊದಲೇ ಹಚ್ಚಿರಬೇಕು. ಹೊಗೆಯ ಸುಳಿವು ಸಿಕ್ಕೊಡನೆ ಚಾವಣಿಯ ಎಚ್ಚರಿಕೆಯ ಗಂಟೆ ಚೀರತೊಡಗುತ್ತದೆ. ಊದುಬತ್ತಿಗೂ ಇದೇ ಮಾತು.

ಇನ್ನು ಊರಿನ ಪರಿಚಯ. ಶಿಕಾಗೋ ನಗರದಲ್ಲಿ ದಾರಿ ತಪ್ಪುವುದು ಕಷ್ಟ. 1871ರ ಮಹಾ ಬೆಂಕಿಯಲ್ಲಿ ದೊಡ್ಡ ಭಾಗವೊಂದು ಸುಟ್ಟು ಮತ್ತೆ ಎದ್ದ ಈ ನಗರದ ಬೀದಿಗಳು ಬಹುಮಟ್ಟಿಗೆ ಚದುರಂಗದ ಮಣೆಯಂತಿವೆ. ಸ್ಟೇಟ್ ಬೀದಿ ಹಾಗೂ ಮ್ಯಾಡಿಸನ್ ಬೀದಿ ಕೂಡುವ ಸ್ಥಳವೇ ಸೊನ್ನೆ. 1909ರಲ್ಲಿ ಜಾರಿಗೆ ಬಂದ ಪದ್ಧತಿಯಂತೆ ಅಲ್ಲಿಂದ ನಾಲ್ಕು ದಿಕ್ಕಿಗೂ ಮನೆಗಳ ಸಂಖ್ಯೆ ಏರುತ್ತ ಹೋಗುತ್ತದೆ. ಸಾಮಾನ್ಯವಾಗಿ 800 ಸಂಖ್ಯೆಗೆ ಒಂದು ಮೈಲಿ. ಮಿಶಿಗನ್ ಸರೋವರ ಯಾವಾಗಲೂ ಪೂರ್ವಕ್ಕೆ. ಇಷ್ಟು ನೆನಪಿದ್ದರೆ ಯಾರನ್ನೂ ಕೇಳದೆ ಮನೆ ಸೇರಬಹುದು.

ಬಸ್ಸಿಗೂ ‘ಎಲ್’ ಎಂದು ಕರೆಯುವ ನಗರ ರೈಲಿಗೂ ವೆಂಟ್ರಾ ಎಂಬ ಒಂದೇ ಕಾರ್ಡು ಸಾಕು. ಒಮ್ಮೆ ತೋರಿಸಿ ಹತ್ತಿದ ಮೇಲೆ ಎರಡು ಗಂಟೆಯೊಳಗೆ ಎರಡು ಬಾರಿ ವಾಹನ ಬದಲಿಸಲು ಅವಕಾಶವುಂಟು. ಇಳಿಯುವವರು ಇಳಿದ ಮೇಲೆಯೇ ಹತ್ತುವುದು, ಬಸ್ಸಿನ ಮುಂಬಾಗಿಲಿನಿಂದ ಏರಿ ಹಿಂಬಾಗಿಲಿನಿಂದ ಇಳಿಯುವುದು, ಚಲಿಸುವ ಮೆಟ್ಟಿಲಿನ ಮೇಲೆ ಬಲಬದಿಗೆ ನಿಂತು ಅವಸರದವರಿಗೆ ಎಡಬದಿ ಬಿಡುವುದು ಅಲ್ಲಿಯ ಪದ್ಧತಿ. ಇಳಿಯುವಾಗ ಚಾಲಕನಿಗೆ ಧನ್ಯವಾದ ಹೇಳುವವರು ಬಹಳ. ನಮಗೆ ಈ ರೂಢಿ ಬಹಳ ಮೆಚ್ಚುಗೆಯಾಯಿತು. ದುಡಿಯುವವನನ್ನು ಮನುಷ್ಯನೆಂದು ಕಾಣುವ ಸಣ್ಣ ಸೌಜನ್ಯವದು.

ರಸ್ತೆ ದಾಟುವಾಗ ವಾಹನಗಳು ನಮ್ಮ ಎಡಗಡೆಯಿಂದ ಬರುತ್ತವೆ ಎಂಬುದನ್ನು ಮರೆಯಬಾರದು. ನಡೆಯುವ ಮನುಷ್ಯನ ಬಿಳಿಯ ಚಿತ್ರ ಹೊತ್ತಿಕೊಂಡಾಗಲೇ ಹೆಜ್ಜೆಯಿಡಬೇಕು. ಅಪಾಯದ ವೇಳೆ 911ಕ್ಕೆ ಕರೆ ಮಾಡಿದರೆ ಪೊಲೀಸರು, ಅಗ್ನಿಶಾಮಕ ದಳ, ಆಂಬ್ಯುಲೆನ್ಸ್ ಮೂರೂ ದೊರೆಯುತ್ತವೆ.

ಜನರೊಡನೆ ನಡೆದುಕೊಳ್ಳುವ ರೀತಿ ಎಲ್ಲಕ್ಕಿಂತ ಮುಖ್ಯ. ದಾರಿಯಲ್ಲಿ ಎದುರಾದ ಅಪರಿಚಿತರು ಮುಗುಳ್ನಕ್ಕು ‘ಹಾಯ್’ ಎನ್ನುತ್ತಾರೆ. ನಾವೂ ಹಾಗೆಯೇ ಅಂದರೆ ಮುಗಿಯಿತು. ಅದು ಮಾತಿಗೆ ಆಹ್ವಾನವಲ್ಲ, ಬರಿಯ ಗೌರವ. ಸಂಬಳವೆಷ್ಟು, ವಯಸ್ಸೆಷ್ಟು, ಮದುವೆಯಾಗಿದೆಯೇ, ಮಕ್ಕಳೇಕಿಲ್ಲ ಎಂಬ ಪ್ರಶ್ನೆಗಳು ನಮ್ಮಲ್ಲಿ ಅಕ್ಕರೆಯ ಗುರುತು. ಅಲ್ಲಿ ಅವು ಒರಟುತನ. ಪರರ ಮಗು ಎಷ್ಟೇ ಮುದ್ದಾಗಿದ್ದರೂ ತಾಯಿಯ ಅನುಮತಿಯಿಲ್ಲದೆ ಕೆನ್ನೆ ಮುಟ್ಟಬಾರದು. ಸಾಲಿನಲ್ಲಿ ಮುಂದಿನವರಿಂದ ಒಂದು ತೋಳಿನಷ್ಟು ದೂರವಿರಬೇಕು. ಯಾರ ಮನೆಗೂ ತಿಳಿಸದೆ ಹೋಗಬಾರದು. ಐದು ಗಂಟೆಯೆಂದರೆ ಐದೇ ಗಂಟೆ.

ಅಂಗಡಿಯಲ್ಲಿ ವಸ್ತುವಿನ ಮೇಲೆ ಬರೆದ ಬೆಲೆಯಷ್ಟೇ ಕೊಟ್ಟರೆ ಸಾಲದು. ಶೇಕಡಾ 10ಕ್ಕೂ ಮೀರಿದ ಮಾರಾಟ ತೆರಿಗೆ ಲೆಕ್ಕದ ಕೊನೆಯಲ್ಲಿ ಸೇರುತ್ತದೆ. ಕುಳಿತು ಉಣ್ಣುವ ಹೋಟೆಲಿನಲ್ಲಿ ಬಡಿಸಿದವರಿಗೆ ಶೇಕಡಾ 18ರಿಂದ 20ರಷ್ಟು ಟಿಪ್ಸ್ ಕೊಡುವುದು ರೂಢಿ. ಅದು ಭಕ್ಷೀಸಲ್ಲ, ಅವರ ಜೀವನಾಧಾರದ ಭಾಗ. ಕೆಲವೆಡೆ ಬಿಲ್ಲಿನಲ್ಲಿಯೇ ಅದು ಸೇರಿರುವುದರಿಂದ ನೋಡಿ ಕೊಡಬೇಕು. ಶಾಕಾಹಾರಿಗಳು ‘ಮಾಂಸವಿಲ್ಲವೇ’ ಎಂದಷ್ಟೇ ಕೇಳಿದರೆ ಸಾಲದು. ತರಕಾರಿಯ ಸಾರಿನಲ್ಲಿ ಕೋಳಿಯ ರಸವಿರಬಹುದು, ಹುರುಳಿಕಾಯಿ ಬೀಜದ ಪಲ್ಯದಲ್ಲಿ ಹಂದಿಯ ಕೊಬ್ಬಿರಬಹುದು, ಕೇಕಿನಲ್ಲಿ ಮೊಟ್ಟೆಯಂತೂ ಸಾಮಾನ್ಯ. ಒಂದೊಂದನ್ನೂ ಹೆಸರಿಟ್ಟು ಕೇಳಿದರೆ ಅವರು ಬೇಸರಿಸದೆ ಹೇಳುತ್ತಾರೆ. ಊರಿನ ರುಚಿ ಬೇಕೆನಿಸಿದರೆ ಭಾರತೀಯ ಅಂಗಡಿಗಳು ಸಾಲುಗಟ್ಟಿರುವ ಡೆವಾನ್ ಬೀದಿಯಿದೆ.

ನೋಡುವ ಸ್ಥಳಗಳು ಹಲವು. ಲಿಂಕನ್ ಪಾರ್ಕಿನ ಮೃಗಾಲಯಕ್ಕೂ, 2004ರಲ್ಲಿ ತೆರೆದ ಮಿಲೇನಿಯಮ್ ಪಾರ್ಕಿಗೂ ಪ್ರವೇಶ ಶುಲ್ಕವಿಲ್ಲ. ಸರೋವರದ ದಂಡೆಯಲ್ಲಿ 18 ಮೈಲಿ ಉದ್ದದ ಕಾಲುದಾರಿಯಿದೆ. ಮಿಶಿಗನ್ ಬೀದಿಯ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿಯೇ 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದರು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗುವುದು ಹಿರಿಯರಿಗೆ ಹಿತ. ಚಳಿಗಾಲ ಉಗ್ರವಾದುದು, 2019ರ ಜನವರಿ 30ರಂದು ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದಿತ್ತು.

ಕೊನೆಯದಾಗಿ ಮಕ್ಕಳಿಗೂ ಒಂದು ಮಾತು. ತಂದೆತಾಯಿಗಳನ್ನು ಕರೆಸಿಕೊಂಡ ಮೊದಲ ವಾರದಲ್ಲಿಯೇ ಅವರನ್ನು ಎರಡು ಬಾರಿ ಬಸ್ಸಿನಲ್ಲಿ ಜೊತೆಗೆ ಕರೆದೊಯ್ಯಿರಿ. ಮೂರನೆಯ ಬಾರಿ ಅವರನ್ನಷ್ಟೇ ಕಳಿಸಿರಿ. ಮನೆಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆದು ಅವರ ಕಿಸೆಯಲ್ಲಿಡಿರಿ. ತಾವಾಗಿಯೇ ಸರೋವರದ ದಂಡೆಗೆ ಹೋಗಿ, ಹಾಲು ತರಕಾರಿ ಹಿಡಿದು ಮರಳುವ ತಂದೆ ನಿಮ್ಮ ಮನೆಯಲ್ಲಿ ಅತಿಥಿಯಾಗಿ ಉಳಿಯುವುದಿಲ್ಲ, ಮನೆಯವರಾಗುತ್ತಾರೆ. ಸಂಜೆ ನೀವು ದಣಿದು ಬಂದಾಗ, ನೀವು ದಿನವೂ ಓಡಾಡುವ ಬೀದಿಗಳ ಬಗ್ಗೆ ನಿಮ್ಮೊಡನೆ ಮಾತನಾಡಲು ಅವರ ಬಳಿಯೂ ಹತ್ತು ಸುದ್ದಿಗಳಿರುತ್ತವೆ.